‘ದೊಡ್ಡವನು’ — ಯಾರಿಗಿಂತ?

(ದೇಹೂ ರೋಡಿನಲ್ಲಿ ನಡೆದ ಸಂಘದ ಸಾಹಿತ್ಯ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕನ್ನಡದ ಸೋದರ ಸೋದರಿಯರೇ,

‘ಹಿರಿಯರೇ’ ಎಂದು ನಾನು ಕರೆದೊಡನೆ ವೇದಿಕೆಯ ಮೇಲಿರುವ ನಾಲ್ವರೂ ತಮ್ಮನ್ನೇ ಕರೆದೆನೆಂದು ಭಾವಿಸಿದರು. ಅವರಲ್ಲಿ ಒಬ್ಬರು ನನಗಿಂತ ಒಂಬತ್ತು ವರ್ಷ ಚಿಕ್ಕವರು. ಆದರೂ ಅವರು ಭಾವಿಸಿದ್ದು ತಪ್ಪಲ್ಲ. ಯಾರಿಗಿಂತ ಹಿರಿಯರು ಎಂಬುದನ್ನು ನಾನು ಹೇಳಲಿಲ್ಲ, ನಮ್ಮ ಭಾಷೆ ಅದನ್ನು ಕೇಳಲೂ ಇಲ್ಲ. ಈ ಸಂಜೆ ನಾನು ಮಾತನಾಡಲಿರುವುದು ಇಂಥದೇ ಒಂದು ಪದವನ್ನು ಕುರಿತು. ಅದು ಕನ್ನಡದ ಪದವಲ್ಲ, ಕ್ರೈಸ್ತರ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿರುವ ‘ಮೇಝೋನ್’ ಎಂಬ ಪದ. ವ್ಯಾಕರಣದ ಪ್ರಕಾರ ಅದರ ಅರ್ಥ ‘ಹೆಚ್ಚು ದೊಡ್ಡ’, ಎಂದರೆ ಇನ್ನೊಂದಕ್ಕೆ ಹೋಲಿಸಿದಾಗ ದೊಡ್ಡದು.

ಕನ್ನಡ ಸಂಘದಲ್ಲಿ ಗ್ರೀಕು ಏಕೆ ಎಂದು ನೀವು ಕೇಳಬಹುದು. ನಾನು ಪಂಡಿತನಲ್ಲ. ನಮ್ಮ ತಂದೆ 1950ರ ದಶಕದಲ್ಲಿ ಗದಗ-ಬೆಟಗೇರಿಯಿಂದ ಇಲ್ಲಿನ ಡಿಪೋದ ಕೆಲಸಕ್ಕೆ ಬಂದವರು. ನಾನೂ ಅಲ್ಲಿಯೇ ಲೆಡ್ಜರು ಬರೆದು ನಿವೃತ್ತನಾದವನು. ಬೆಟಗೇರಿಯ ಬಾಸೆಲ್ ಮಿಶನ್ನಿನ ನೇಕಾರರ ಮನೆತನ ನಮ್ಮದು. ಬಾಸೆಲ್ ಮಿಶನ್ ಎಂದೊಡನೆ ನಿಮಗೆ 1894ರ ನಿಘಂಟಿನ ಕಿಟ್ಟೆಲರು ನೆನಪಾಗುತ್ತಾರೆ. ನನಗೆ ಮೊದಲು ನೆನಪಾಗುವುದು ಅಜ್ಜಿಯ ಕಪ್ಪು ರಟ್ಟಿನ ಕನ್ನಡ ಬೈಬಲ್ಲು. ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗಳು ತನ್ನ ಶಾಲೆಯಲ್ಲಿ ಕೊಟ್ಟ ಇಂಗ್ಲಿಷ್ ಬೈಬಲ್ಲನ್ನು ಅಜ್ಜಿಯ ಪುಸ್ತಕದ ಪಕ್ಕದಲ್ಲಿಟ್ಟುಕೊಂಡು ಒಂದು ಪ್ರಶ್ನೆ ಕೇಳಿದಳು. “ತಾತ, ಇಂಗ್ಲಿಷಿನಲ್ಲಿ ಕೆಲವು ಕಡೆ ಗ್ರೇಟರ್ ಅಂತಿದೆ, ಕೆಲವು ಕಡೆ ಗ್ರೇಟೆಸ್ಟ್ ಅಂತಿದೆ. ನಮ್ಮದರಲ್ಲಿ ಎಲ್ಲ ಕಡೆಯೂ ಬರೀ ದೊಡ್ಡವನು, ದೊಡ್ಡದು. ಕನ್ನಡದಲ್ಲಿ ಅಷ್ಟು ಪದಗಳಿಲ್ಲವೇ?” ಮನೆಗೆ ಬಂದಿದ್ದ ನೆಂಟರೊಬ್ಬರು, ಓದಿಕೊಂಡವರೇ, “ಹೌದಮ್ಮ, ನಮ್ಮ ಭಾಷೆಯಲ್ಲಿ ಅದೊಂದು ಕೊರತೆ” ಎಂದರು. ಹೊರನಾಡಿನಲ್ಲಿ ಬೆಳೆಯುವ ಮಗುವಿಗೆ ‘ನಿನ್ನ ಭಾಷೆಯಲ್ಲಿ ಕೊರತೆ ಇದೆ’ ಎಂಬ ಒಂದು ಮಾತು ಸಾಕು. ಆಮೇಲೆ ಅದು ಆ ಪುಸ್ತಕವನ್ನು ಮುಟ್ಟುವುದಿಲ್ಲ. ಆ ಮಾತು ನನ್ನನ್ನು ಬಹಳ ಕಾಡಿತು. ಪುಣೆಯ ಸೆಮಿನರಿಯೊಂದರಲ್ಲಿ ಅಧ್ಯಾಪಕರಾಗಿದ್ದು ನಿವೃತ್ತರಾದ ಒಬ್ಬರು ವಾರಕ್ಕೆರಡು ಸಂಜೆ ನನಗೆ ಗ್ರೀಕನ್ನು ಹೇಳಿಕೊಟ್ಟರು. ಆ ಸಂಜೆಗಳ ಫಲವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಸಂಸ್ಕೃತ ಓದಿದವರಿಗೆ ಗ್ರೀಕಿನ ಈ ಭಾಗ ಹೊಸದೆನಿಸುವುದಿಲ್ಲ. ಸಂಸ್ಕೃತದಲ್ಲಿ ‘ತರ’, ‘ತಮ’ ಎಂಬ ಪ್ರತ್ಯಯಗಳಿವೆ. ‘ಈಯಸ್’, ‘ಇಷ್ಠ’ ಎಂಬ ಇನ್ನೊಂದು ಜೋಡಿಯೂ ಇದೆ. ಗ್ರೀಕಿನಲ್ಲಿ ‘ತರ’ಕ್ಕೆ ‘ತೆರೊಸ್’ ಇದೆ, ‘ಈಯಸ್’ಗೆ ‘ಇಯೋನ್’ ಇದೆ. ಎರಡೂ ಒಂದೇ ಮೂಲದಿಂದ ಬಂದವು. ‘ಮೆಗಾಸ್’ ಎಂದರೆ ದೊಡ್ಡ, ಸಂಸ್ಕೃತದ ‘ಮಹತ್’ನ ಒಡಹುಟ್ಟು. ಅದಕ್ಕೆ ಪ್ರತ್ಯಯ ಸೇರಿದಾಗ ಗ್ರೀಕಿನಲ್ಲಿ ‘ಮೇಝೋನ್’ ಆಯಿತು, ಸಂಸ್ಕೃತದಲ್ಲಿ ‘ಮಹೀಯಸ್’ ಆಯಿತು. ಹಾಗೆಯೇ ಗ್ರೀಕಿನ ‘ಎಲಾಸ್ಸೋನ್’ ನಮ್ಮ ‘ಲಘೀಯಸ್’. ಇಬ್ಬರ ನಡುವಣ ಹೋಲಿಕೆಗೆ ‘ತರ’ ಮತ್ತು ‘ಈಯಸ್’, ಹಲವರ ನಡುವೆ ಒಬ್ಬನನ್ನು ಎತ್ತಿ ಹೇಳುವುದಕ್ಕೆ ‘ತಮ’ ಮತ್ತು ‘ಇಷ್ಠ’ ಎಂದು ಪಾಣಿನಿ ಗೆರೆ ಎಳೆದಿದ್ದಾನೆ. ಹಳೆಯ ಗ್ರೀಕಿನಲ್ಲಿಯೂ ಸುಮಾರಾಗಿ ಅದೇ ಗೆರೆಯಿತ್ತು.

ಆದರೆ ಹೊಸ ಒಡಂಬಡಿಕೆಯ ಗ್ರೀಕು ಪಂಡಿತರ ಗ್ರೀಕಲ್ಲ. ಅದು ಅಂಗಡಿ, ಬಂದರು, ಪಾಳೆಯಗಳಲ್ಲಿ ನಾನಾ ಜನಾಂಗದವರು ಆಡುತ್ತಿದ್ದ ಗ್ರೀಕು. ನಮ್ಮ ಈ ಕಂಟೋನ್ಮೆಂಟಿನ ಹಿಂದಿಯಂತೆ ಎಂದರೆ ನಿಮಗೆ ಕೂಡಲೇ ಅರ್ಥವಾದೀತು. ಆ ಬಳಕೆಯ ಗ್ರೀಕಿನಲ್ಲಿ ಪಾಣಿನಿಯ ಗೆರೆಯಂಥ ಗೆರೆ ಅಳಿಸಿಹೋಗಿತ್ತು. ‘ಎಲ್ಲರಿಗಿಂತ ದೊಡ್ಡ’ ಎಂಬ ಅರ್ಥದ ‘ಮೆಗಿಸ್ತೊಸ್’ ಇಡೀ ಹೊಸ ಒಡಂಬಡಿಕೆಯಲ್ಲಿ ಒಂದೇ ಒಂದು ಸಲ ಬರುತ್ತದೆ, ಪೇತ್ರನ ಎರಡನೆಯ ಪತ್ರದಲ್ಲಿ. ಮಿಕ್ಕ ಕಡೆಗಳಲ್ಲಿ ಅದರ ಕೆಲಸವನ್ನೂ ‘ಮೇಝೋನ್’ ಮಾಡುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿಮೂರನೆಯ ಅಧ್ಯಾಯದ ಕೊನೆಯಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರನ್ನು ಹೆಸರಿಸಿ ಪೌಲನು ಪ್ರೀತಿಯನ್ನು ಎತ್ತಿ ಹೇಳುತ್ತಾನೆ. ವಸ್ತುಗಳು ಮೂರು, ಪದ ಮಾತ್ರ ಇಬ್ಬರ ಹೋಲಿಕೆಯದು. ಇಂಗ್ಲಿಷಿನ ಅನುವಾದಕರು ಅದನ್ನು ‘ಗ್ರೇಟೆಸ್ಟ್’ ಮಾಡಿದರು, ಮಾಡದೆ ಅವರಿಗೆ ಗತಿಯಿರಲಿಲ್ಲ. ಕನ್ನಡ ‘ದೊಡ್ಡದು’ ಎಂದು ಬಿಟ್ಟಿತು.

ಪದ ಎಷ್ಟು ಸವೆದಿತ್ತೆಂಬುದಕ್ಕೆ ಯೋಹಾನನ ಮೂರನೆಯ ಪತ್ರದಲ್ಲಿ ಒಂದು ಸ್ವಾರಸ್ಯವಾದ ಸಾಕ್ಷಿಯಿದೆ. ಅಲ್ಲಿ ‘ಮೇಝೋನ್’ಗೆ ಮತ್ತೆ ‘ತೆರೊಸ್’ ಅಂಟಿಸಿದ ‘ಮೇಝೊತೆರೊಸ್’ ಎಂಬ ರೂಪ ಬರುತ್ತದೆ, ‘ಮಹೀಯಸ್ತರ’ ಎಂದಂತೆ! ನಗಬೇಡಿ. ‘ಉತ್ತಮ’ ಎಂಬುದರಲ್ಲಿಯೇ ‘ತಮ’ ಇದೆ. ನಾವು ಅದಕ್ಕೆ ‘ಅತಿ’ ಸೇರಿಸಿ ‘ಅತ್ಯುತ್ತಮ’ ಎನ್ನುತ್ತೇವೆ. ಇಲ್ಲಿಂದ ನಡೆದೇ ಹೋಗಬಹುದಾದ ದೇಹೂ ಗ್ರಾಮದ ತುಕಾರಾಮರೂ ಹಾಗೆಯೇ ಮಾಡಿದ್ದಾರೆ. ಭೀಮಸೇನ ಜೋಶಿಯವರ ಸಂತವಾಣಿಯಿಂದಾಗಿ ಅವರ ಅಭಂಗಗಳು ನಮ್ಮ ಮನೆಗಳಿಗೂ ಬಂದಿವೆ. ತಾನು ಅಣುವಿಗಿಂತ ಕಿರಿದು, ಆಕಾಶದಷ್ಟು ಹಿರಿದು ಎಂಬ ಅರ್ಥದ ಅಭಂಗವನ್ನು ನೀವೆಲ್ಲ ಕೇಳಿರುತ್ತೀರಿ. ಅಲ್ಲಿ ಬರುವ ‘ಅಣೀಯಾ’ ಕಠೋಪನಿಷತ್ತಿನ ‘ಅಣೀಯಾನ್’. ‘ಹೆಚ್ಚು ಅಣು’ ಎಂಬ ಅರ್ಥ ಆ ಪ್ರತ್ಯಯದಲ್ಲಿಯೇ ಇದೆ. ಆದರೆ ಮರಾಠಿ ಕಿವಿಗೆ ಆ ಪ್ರತ್ಯಯ ಕೇಳಿಸುವುದಿಲ್ಲವಾದ್ದರಿಂದ ಅದರ ಪಕ್ಕದಲ್ಲಿ ಸಣ್ಣದು ಎಂಬ ದೇಶೀ ಪದವನ್ನೂ ಅವರು ಇಟ್ಟರು. ಸವೆದ ನಾಣ್ಯಕ್ಕೆ ಜನ ಹೀಗೆ ಇನ್ನೊಂದು ಚಿಲ್ಲರೆ ಸೇರಿಸಿ ಬೆಲೆ ಸರಿಮಾಡುತ್ತಾರೆ.

ಈಗ ಕನ್ನಡಕ್ಕೆ ಬರೋಣ. ನಮ್ಮ ಗುಣವಾಚಕಗಳಿಗೆ ‘ತರ’ವೂ ಇಲ್ಲ, ‘ತಮ’ವೂ ಇಲ್ಲ. ಹೋಲಿಕೆಯ ಭಾರವನ್ನು ನಾವು ಹೋಲಿಸಲ್ಪಟ್ಟವನ ಮೇಲೆ ಹೊರಿಸುತ್ತೇವೆ: ‘ರಾಮನಿಗಿಂತ’ ಎನ್ನುತ್ತೇವೆ, ಚತುರ್ಥಿಯ ‘ಗೆ’ಯ ಮೇಲೆ ‘ಇಂತ’. ದೊಡ್ಡವನು ಮಾತ್ರ ದೊಡ್ಡವನಾಗಿಯೇ ಉಳಿಯುತ್ತಾನೆ. ಮರಾಠಿಯಲ್ಲಿಯೂ ಹೀಗೆಯೇ; ಅವರ ‘ಪೇಕ್ಷಾ’ ಸಂಸ್ಕೃತದ ‘ಅಪೇಕ್ಷಾ’ದಿಂದ ಬಂದದ್ದು, ‘ಇನ್ನೊಬ್ಬನನ್ನು ನೋಡಿ’ ಎಂಬಂತೆ. ಎಂದರೆ ಗ್ರೀಕು, ಸಂಸ್ಕೃತ, ಇಂಗ್ಲಿಷುಗಳಲ್ಲಿ ಎದುರಿಗೆ ಯಾರನ್ನೂ ನಿಲ್ಲಿಸದೆ ಒಬ್ಬನು ‘ಹೆಚ್ಚು ದೊಡ್ಡವ’ನಾಗಿರಬಹುದು. ಕನ್ನಡದಲ್ಲಿ ಹಾಗಾಗದು. ಹೋಲಿಸಬೇಕಾದರೆ ‘ಯಾರಿಗಿಂತ’ ಎಂದು ಬಾಯಿಬಿಟ್ಟು ಹೇಳಬೇಕು.

ನಾವು ಡಿಪೋದಲ್ಲಿ ಇಡೀ ಜೀವಮಾನ ಕಳೆದದ್ದು ಅಂಥ ಎದುರಾಳಿಯಿಲ್ಲದ ಪದಗಳ ನಡುವೆ. ‘ಸೀನಿಯರ್’ ಎಂಬುದು ಲ್ಯಾಟಿನ್ನಿನಲ್ಲಿ ‘ಹೆಚ್ಚು ವಯಸ್ಸಾದವನು’. ‘ಜೂನಿಯರ್’ ‘ಹೆಚ್ಚು ಎಳೆಯ’. ‘ಮೇಜರ್’ ಎಂದರೆ ‘ಹೆಚ್ಚು ದೊಡ್ಡವನು’, ‘ಮೇಝೋನ್’ನ ಲ್ಯಾಟಿನ್ ತಮ್ಮ. ಯಾರಿಗಿಂತ? ಕ್ಯಾಪ್ಟನ್ನಿಗಿಂತ. ಕರ್ನಲ್ ಸಾಹೇಬರು ಕೋಣೆಗೆ ಬಂದೊಡನೆ ಆ ‘ಹೆಚ್ಚು ದೊಡ್ಡವನು’ ಎದ್ದು ನಿಲ್ಲಬೇಕು. ಒಂದು ಕ್ಲಾರ್ಕ್ ಹುದ್ದೆಯ ಬಡ್ತಿಗಾಗಿ ಸೀನಿಯಾರಿಟಿ ಪಟ್ಟಿಯಲ್ಲಿ ಹನ್ನೊಂದು ದಿನಗಳ ವ್ಯತ್ಯಾಸದ ಮೇಲೆ ಇಬ್ಬರು ಗೆಳೆಯರು ಮಾತುಬಿಟ್ಟದ್ದನ್ನು ನಾನು ಕಂಡಿದ್ದೇನೆ. ಇದೇ ದೇಹೂ ರೋಡಿನಲ್ಲಿ 1954ರ ಡಿಸೆಂಬರ್ 25ರಂದು ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಡಾ. ಅಂಬೇಡ್ಕರರು ನಮ್ಮ ಸಮಾಜದ ರೋಗವನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಬರಿಯ ಮೇಲು-ಕೀಳಲ್ಲ ಅದು. ಪ್ರತಿಯೊಬ್ಬನಿಗೂ ತನಗಿಂತ ಕೆಳಗಿನವನೊಬ್ಬನನ್ನು ಒದಗಿಸಿಕೊಡುವ ಏಣಿ. ಆದುದರಿಂದಲೇ ಮೆಟ್ಟಿಲ ಮೇಲೆ ನಿಂತ ಯಾರಿಗೂ ಏಣಿಯನ್ನು ಕೆಡವುವ ಮನಸ್ಸು ಬರುವುದಿಲ್ಲ. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ಅದು ‘ತರ’ ಪ್ರತ್ಯಯದ ಸಮಾಜ.

ಈ ಹಿನ್ನೆಲೆಯಲ್ಲಿ ಮಾರ್ಕನ ಒಂಬತ್ತನೆಯ ಅಧ್ಯಾಯವನ್ನು ನೋಡಿ. ಶಿಷ್ಯರು ದಾರಿಯುದ್ದಕ್ಕೂ ಏನನ್ನೋ ವಾದಿಸುತ್ತ ಕಪೆರ್ನೌಮಿಗೆ ಬರುತ್ತಾರೆ. ಮನೆಯೊಳಗೆ ಯೇಸು, ದಾರಿಯಲ್ಲಿ ಏನು ಚರ್ಚೆ ನಡೆಯುತ್ತಿತ್ತು ಎಂದು ಕೇಳಿದಾಗ ಯಾರೂ ಬಾಯಿ ಬಿಡುವುದಿಲ್ಲ. ಏಕೆಂದರೆ ಅವರು ವಾದಿಸಿದ್ದು ‘ಮೇಝೋನ್ ಯಾರು’ ಎಂದು. ಇಲ್ಲಿಯೂ ‘ಯಾರಿಗಿಂತ’ ಎಂಬುದಿಲ್ಲ. ಇಂಗ್ಲಿಷಿನವರು ಹನ್ನೆರಡು ಜನರಿದ್ದಾರೆ ಎಂದು ಲೆಕ್ಕ ಹಾಕಿ ಸಾಮಾನ್ಯವಾಗಿ ‘ಗ್ರೇಟೆಸ್ಟ್’ ಎನ್ನುತ್ತಾರೆ. ಆಗ ಚಿತ್ರ ಬದಲಾಗುತ್ತದೆ. ಹನ್ನೆರಡು ಮಂದಿ ಒಂದು ಸಿಂಹಾಸನಕ್ಕಾಗಿ ಓಡುತ್ತಿರುವಂತೆ ಕಾಣುತ್ತದೆ. ಗ್ರೀಕಿನಲ್ಲಿ ಅದಕ್ಕಿಂತ ಸಣ್ಣದೂ ಹೆಚ್ಚು ನಿತ್ಯದ್ದೂ ಆದ ಒಂದು ಜಗಳ ಕೇಳಿಸುತ್ತದೆ. ನಮ್ಮಿಬ್ಬರಲ್ಲಿ ದೊಡ್ಡವನು ಯಾರು, ಅವರಿಬ್ಬರಲ್ಲಿ ಯಾರು, ಎಂದು ಇಬ್ಬಿಬ್ಬರಾಗಿ ನಡೆಯುತ್ತ ಆಡುವ ಮಾತು. ಎರಡರಲ್ಲಿ ಯಾವುದು ಎಂದು ಗ್ರೀಕು ನಿರ್ಧರಿಸಿಕೊಡುವುದಿಲ್ಲ. ಕನ್ನಡದ ಭಾಷಾಂತರಗಳಲ್ಲಿ ‘ದೊಡ್ಡವನು’ ಎಂದೋ ‘ಹೆಚ್ಚಿನವನು’ ಎಂದೋ ಇರುವ ಕಡೆ ಆ ಅನಿರ್ಧಾರ ಹಾಗೆಯೇ ಉಳಿದಿದೆ. ಬಳ್ಳಾರಿಯಲ್ಲಿ ಕುಳಿತು 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸರಾಗಲಿ, ಆಮೇಲೆ ಅದನ್ನು ಪರಿಷ್ಕರಿಸಿದ ಬಾಸೆಲ್ ಮಿಶನ್ನಿನ ವೈಗ್ಲೆಯವರಾಗಲಿ ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೆಂದು ನಾನು ಹೇಳುತ್ತಿಲ್ಲ. ಭಾಷೆಯೇ ಅವರಿಂದ ಮಾಡಿಸಿತು.

ಇನ್ನೂ ಒಂದು ಮಾತಿದೆ, ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದೇ. ಗ್ರೀಕಿನ ‘ಮೇಝೋನ್’ಗೆ ಗಾತ್ರದಲ್ಲಿ, ಅಂತಸ್ತಿನಲ್ಲಿ ದೊಡ್ಡವನು ಎಂಬುದರ ಜೊತೆಗೆ ವಯಸ್ಸಿನಲ್ಲಿ ದೊಡ್ಡವನು ಎಂಬ ಅರ್ಥವೂ ಇದೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಏಸಾವ, ಯಾಕೋಬರ ಪ್ರಸಂಗ ಬರುವಲ್ಲಿ ಅಣ್ಣನು ತಮ್ಮನ ಸೇವೆ ಮಾಡುವನು ಎಂಬ ಹಳೆಯ ಮಾತನ್ನು ಪೌಲನು ನೆನೆಯುತ್ತಾನೆ. ಅಲ್ಲಿ ಅಣ್ಣ ‘ಮೇಝೋನ್’, ತಮ್ಮ ‘ಎಲಾಸ್ಸೋನ್’. ಇಂಗ್ಲಿಷಿನ ‘ಗ್ರೇಟರ್’ಗೆ ಈ ಅರ್ಥ ಸಲ್ಲುವುದಿಲ್ಲ, ಅವರು ಅಲ್ಲಿ ಬೇರೆಯೇ ಪದ ಹಾಕಬೇಕು. ನಮಗೆ ಆ ತೊಂದರೆಯಿಲ್ಲ. “ಇವನು ನಮ್ಮ ದೊಡ್ಡವನು, ಇವಳು ಚಿಕ್ಕವಳು” ಎಂದು ಮಕ್ಕಳನ್ನು ತೋರಿಸದ ಕನ್ನಡ ತಾಯಿ ಯಾರು? ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ — ಇವೆಲ್ಲವೂ ಹೋಲಿಕೆಯ ಪದಗಳೇ. ‘ಅಪ್ಪನಿಗಿಂತ’, ‘ಅಮ್ಮನಿಗಿಂತ’ ಎಂಬುದು ಒಳಗೆ ಅಡಗಿ ಕುಳಿತಿದೆ. ನಮ್ಮ ದೊಡ್ಡಪ್ಪ ಅಜ್ಜನ ಮುಂದೆ ಬಂದೊಡನೆ ಹುಡುಗನಾಗುತ್ತಾನೆ.

ಮತ್ತಾಯನ ಹನ್ನೊಂದನೆಯ ಅಧ್ಯಾಯದಲ್ಲಿ ಸ್ನಾನಿಕ ಯೋಹಾನನನ್ನು ಹೊಗಳಿದ ಮೇಲೆ ಯೇಸು, ಪರಲೋಕರಾಜ್ಯದಲ್ಲಿ ‘ಮಿಕ್ರೊತೆರೊಸ್’ ಆದವನು ಅವನಿಗಿಂತ ದೊಡ್ಡವನು ಎನ್ನುತ್ತಾನೆ. ಇಂಗ್ಲಿಷಿನವರು ಬಹುಮಟ್ಟಿಗೆ ಇದನ್ನು ‘ಎಲ್ಲರಿಗಿಂತ ಅಲ್ಪನು’ ಎಂದೇ ಓದಿದರು. ಆದರೆ ನಾಲ್ಕನೆಯ ಶತಮಾನದ ಪ್ರಸಿದ್ಧ ಉಪದೇಶಕ ಕ್ರಿಸೊಸ್ಟಮನು, ಇಲ್ಲಿ ‘ಚಿಕ್ಕವನು’ ಎಂದರೆ ಯೇಸುವೇ, ವಯಸ್ಸಿನಲ್ಲಿಯೂ ಜನರ ಎಣಿಕೆಯಲ್ಲಿಯೂ ಯೋಹಾನನಿಗಿಂತ ಚಿಕ್ಕವನು ಎಂದು ವಿವರಿಸಿದ. ಆ ಅರ್ಥ ಸರಿಯೋ ತಪ್ಪೋ ಎಂಬ ತೀರ್ಮಾನ ನನ್ನ ಯೋಗ್ಯತೆಗೆ ಮೀರಿದ್ದು. ಇಂಗ್ಲಿಷ್ ಬೈಬಲ್ಲನ್ನು ಮಾತ್ರ ಓದಿದವನಿಗೆ ಅಂಥ ಅರ್ಥವೊಂದು ಸಾಧ್ಯವೆಂದೇ ಹೊಳೆಯದು. ಕನ್ನಡದ ‘ಚಿಕ್ಕವನು’ ಓದಿದವನಿಗೆ ಹೊಳೆಯಬಹುದು. ನನ್ನ ಅಜ್ಜಿಗೆ ಹೊಳೆದಿದ್ದರೂ ಆಶ್ಚರ್ಯವಿಲ್ಲ.

ಈ ಒಂದು ಪದ ಸಾಮ್ರಾಜ್ಯವನ್ನೇ ಅಲುಗಾಡಿಸಿದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಯೋಹಾನನ ಸುವಾರ್ತೆಯಲ್ಲಿ ಯೇಸು, ತಂದೆ ತನಗಿಂತ ‘ಮೇಝೋನ್’ ಎನ್ನುತ್ತಾನೆ. ಇಲ್ಲಿ ‘ಯಾರಿಗಿಂತ’ ಎಂಬುದು ಸ್ಪಷ್ಟವಾಗಿದೆ, ಕಷ್ಟವಾದದ್ದೂ ಅದೇ. ಹಾಗಾದರೆ ಮಗನು ತಂದೆಗೆ ಸಮನಲ್ಲ ಎಂದರು ಅರಿಯುಸನ ಕಡೆಯವರು. 325ರ ನಿಕೇಯ ಸಭೆಯ ನಂತರವೂ ಆ ಜಗಳ ಆರಲಿಲ್ಲ. ಅಲೆಕ್ಸಾಂಡ್ರಿಯದ ಅಥನಾಸಿಯುಸ್ ಕೊಟ್ಟ ಉತ್ತರ ಒಂದು ವ್ಯಾಕರಣ ಸೂಕ್ಷ್ಮ. ಗ್ರೀಕಿನಲ್ಲಿ ‘ಕ್ರೇತ್ತೋನ್’ ಎಂಬ ಇನ್ನೊಂದು ಹೋಲಿಕೆಯ ಪದವಿದೆ, ‘ಮೇಲಾದ, ಉತ್ತಮ’ ಎಂಬರ್ಥದ್ದು. ಇಬ್ರಿಯರಿಗೆ ಬರೆದ ಪತ್ರವೊಂದರಲ್ಲಿಯೇ ಅದು ಹದಿಮೂರು ಸಲ ಬರುತ್ತದೆ. ಮಗನು ದೇವದೂತರಿಗಿಂತ ಮೇಲು ಎನ್ನುವಾಗಲೂ ಆ ಪದವೇ. ಬೇರೆ ಬೇರೆ ಜಾತಿಯ ವಸ್ತುಗಳನ್ನು ಹೋಲಿಸುವಾಗ ‘ಮೇಲು’ ಎನ್ನುತ್ತೇವೆ, ಒಂದೇ ಸ್ವಭಾವದವರ ನಡುವೆ ‘ದೊಡ್ಡ’ ಎನ್ನುತ್ತೇವೆ. ತಂದೆ ತನಗಿಂತ ‘ಮೇಲು’ ಎಂದು ಮಗನು ಹೇಳದೆ ‘ದೊಡ್ಡವನು’ ಎಂದದ್ದರಿಂದ ಇಬ್ಬರೂ ಒಂದೇ ಸ್ವಭಾವದವರು ಎಂದು ಅವನು ವಾದಿಸಿದ. ಗ್ರೀಕಿನ ಬಳಕೆ ಎಲ್ಲ ಕಡೆ ಅಷ್ಟು ಕಟ್ಟುನಿಟ್ಟಾಗಿಲ್ಲ, ವಾದದಲ್ಲಿ ಸ್ವಲ್ಪ ವಕೀಲಿಯೂ ಇದೆ. ಆದರೆ ಇಬ್ಬರು ಹೋಲಿಕೆಗೆ ನಿಲ್ಲಬೇಕಾದರೆ ಮೊದಲು ಇಬ್ಬರೂ ಒಂದೇ ನೆಲದ ಮೇಲೆ ನಿಂತಿರಬೇಕು ಎಂಬ ಅವನ ಕಾಣ್ಕೆ ನನಗೆ ದೊಡ್ಡದೆನಿಸಿತು. ಕನ್ನಡಕ್ಕೆ 2008ರಲ್ಲಿ, ಮರಾಠಿಗೆ 2024ರಲ್ಲಿ ಶಾಸ್ತ್ರೀಯ ಸ್ಥಾನ ಸಿಕ್ಕಿತು. ಲೋನಾವಳ ಲೋಕಲಿನಲ್ಲಿ ಯಾವುದು ದೊಡ್ಡದು ಎಂದು ನನ್ನೊಡನೆ ವಾದಕ್ಕಿಳಿದ ಮರಾಠಿ ಗೆಳೆಯರಿಗೆ ನಾನು ಇದನ್ನೇ ಹೇಳಿದೆ. ಅವರು ಶೇಂಗಾ ಪೊಟ್ಟಣವನ್ನು ನನ್ನತ್ತ ಚಾಚಿದರು.

ಮರಾಠಿಯ ಮಾತು ಬಂದದ್ದರಿಂದ ಪಂಡಿತಾ ರಮಾಬಾಯಿಯವರನ್ನು ನೆನೆಯದೆ ಮುಂದೆ ಹೋಗಲಾರೆ. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಆ ತಾಯಿ ಇದೇ ಪುಣೆ ಜಿಲ್ಲೆಯ ಕೇಡಗಾಂವದಲ್ಲಿ ಅನಾಥ ಹೆಂಗಸರಿಗೆ ನೆಲೆ ಕಟ್ಟಿದರು. ಹೀಬ್ರೂ, ಗ್ರೀಕುಗಳನ್ನು ಕಲಿತು ಬೈಬಲ್ಲನ್ನು ಮೂಲದಿಂದ ಮರಾಠಿಗೆ ತರುವ ಕೆಲಸದಲ್ಲಿ 1922ರಲ್ಲಿ ತೀರಿಕೊಳ್ಳುವವರೆಗೂ ತೊಡಗಿದ್ದರು. ಶಾಸ್ತ್ರಪಾಂಡಿತ್ಯಕ್ಕೆ ಕಲಕತ್ತೆಯ ಪಂಡಿತರಿಂದ ಬಿರುದು ಪಡೆದವರು. ಬೇಕೆಂದಿದ್ದರೆ ಗ್ರೀಕಿನ ಪ್ರತಿಯೊಂದು ‘ತೆರೊಸ್’ಗೂ ಒಂದೊಂದು ‘ತರ’ವನ್ನು ತಂದು ಜೋಡಿಸುವ ಶಕ್ತಿ ಅವರಿಗಿತ್ತು. ಆದರೆ ಅಕ್ಷರ ಬಾರದ ಹೆಂಗಸಿಗೂ ತಿಳಿಯುವ ಮರಾಠಿ ಬೇಕೆಂಬುದೇ ಅವರ ಹಟವಾಗಿತ್ತು.

ಈಗ ಲೂಕನ ಇಪ್ಪತ್ತೆರಡನೆಯ ಅಧ್ಯಾಯ. ಕೊನೆಯ ಊಟದ ರಾತ್ರಿಯೂ ಶಿಷ್ಯರಲ್ಲಿ ಮತ್ತೆ ಅದೇ ಜಗಳ, ತಮ್ಮಲ್ಲಿ ಮೇಝೋನ್ ಯಾರು ಎಂದು. ಉತ್ತರವಾಗಿ ಯೇಸು, ನಿಮ್ಮಲ್ಲಿ ‘ಮೇಝೋನ್’ ಆದವನು ‘ನೆಯೋತೆರೊಸ್’ನಂತಾಗಲಿ ಎನ್ನುತ್ತಾನೆ. ‘ನೆಯೋತೆರೊಸ್’ ಎಂದರೆ ವಯಸ್ಸಿನಲ್ಲಿ ಕಿರಿಯವನು, ಹೊಸಬ. ಅದರ ಎದುರು ಪದ ‘ಪ್ರೆಸ್ಬುತೆರೊಸ್’, ಹೆಚ್ಚು ವಯಸ್ಸಾದವನು. ಅದೇ ಮುಂದೆ ಒಂದು ಹುದ್ದೆಯ ಹೆಸರಾಗಿ ಕನ್ನಡದಲ್ಲಿ ‘ಸಭೆಯ ಹಿರಿಯ’ ಆಯಿತು, ಇಂಗ್ಲಿಷಿನಲ್ಲಿ ಸವೆದು ಸವೆದು ‘ಪ್ರೀಸ್ಟ್’ ಆಯಿತು. ಈ ‘ತೆರೊಸ್’ ಮೊದಲಿಗೆ ‘ಹೆಚ್ಚು’ ಎಂಬ ಅಳತೆಯನ್ನು ಹೇಳುತ್ತಿರಲಿಲ್ಲ, ‘ಈ ಕಡೆಯದು, ಆ ಕಡೆಯದಲ್ಲ’ ಎಂಬ ಬೇರ್ಪಡಿಕೆಯನ್ನು ಹೇಳುತ್ತಿತ್ತು ಎಂದು ಫ್ರೆಂಚ್ ಭಾಷಾವಿಜ್ಞಾನಿ ಬೆನ್ವೆನಿಸ್ತ್ 1948ರಲ್ಲಿ ತೋರಿಸಿಕೊಟ್ಟರು. ಗ್ರೀಕಿನಲ್ಲಿ ಬಲಗಡೆ, ಎಡಗಡೆ ಎಂಬ ಪದಗಳಿಗೂ ಈ ಪ್ರತ್ಯಯವಿದೆ. ನಮ್ಮ ‘ಇತರ’ದಲ್ಲಿರುವ ‘ತರ’ವೂ ಇದೇ. ಹಾಗೆ ನೋಡಿದರೆ ಹಿರಿಯನು ಕಿರಿಯನಿಗಿಂತ ‘ಹೆಚ್ಚು’ ಅಲ್ಲ, ಅವನ ಎದುರು ಬದಿಗೆ ಕುಳಿತವನು. ಆ ಕಾಲದ ಮನೆಯಲ್ಲಿ ಕಿರಿಯವನ ಕೆಲಸವೇನು ಎಂದು ನಮಗೆ ಯಾವ ಟೀಕೆಯೂ ಹೇಳಿಕೊಡಬೇಕಾಗಿಲ್ಲ. ಬಂದವರಿಗೆ ಕಾಲಿಗೆ ನೀರು ಕೊಡುವವನು, ಎಲೆ ಹಾಕುವವನು, ಕೊನೆಯ ಪಂಕ್ತಿಯಲ್ಲಿ ಉಣ್ಣುವವನು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಎರಡು ವರ್ಷಗಳ ಹಿಂದೆ ನಮ್ಮ ಒಂದು ಸಂಘದ ರಾಜ್ಯೋತ್ಸವದ ಪೂರ್ವಸಿದ್ಧತೆಯ ಸಭೆಯಲ್ಲಿ, ಹಿಂಜವಡಿಯಲ್ಲಿ ಕೆಲಸ ಮಾಡುವ, ಹುಬ್ಬಳ್ಳಿಯ ಕಡೆಯ ಒಬ್ಬ ತರುಣರು ಎದ್ದು ನಿಂತರು. ಭಾಷಣಗಳನ್ನು ಕಡಿಮೆ ಮಾಡಿ ಭಾನುವಾರದ ಕನ್ನಡ ತರಗತಿಯ ಮಕ್ಕಳಿಗೆ ಅರ್ಧ ಗಂಟೆ ಕೊಡೋಣವೆಂದರು. ಆ ತರಗತಿಯನ್ನು ನಡೆಸುತ್ತಿದ್ದವರು ಅವರೇ. ಹನ್ನೊಂದು ಮಕ್ಕಳು ಬರುತ್ತಿದ್ದರು, ನನ್ನ ಮೊಮ್ಮಗಳೂ ಅವರಲ್ಲಿ ಒಬ್ಬಳು. ಕಡಿಮೆಯಾಗಬೇಕಾಗಿದ್ದ ಭಾಷಣಗಳಲ್ಲಿ ನನ್ನದೂ ಒಂದಿತ್ತು. ನಾನು ಅವರಿಗೆ, “ನೀನು ಮೊನ್ನೆ ಬಂದವನು. ನಿಮ್ಮಪ್ಪ ಹುಟ್ಟುವ ಮೊದಲಿನಿಂದ ನಾವು ಇಲ್ಲಿದ್ದೇವೆ” ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕು ಕುಳಿತರು. ರಾಜ್ಯೋತ್ಸವಕ್ಕೆ ಅವರು ಬರಲಿಲ್ಲ, ಆಮೇಲೆಯೂ ಬರಲಿಲ್ಲ. ತರಗತಿ ನಿಂತಿತು. ಆಗ ನಾನು ಗ್ರೀಕು ಕಲಿಯತೊಡಗಿ ಒಂದು ವರ್ಷ ಆಗಿತ್ತು. ಈ ಅಧ್ಯಾಯವನ್ನು ಓದಿಯೂ ಆಗಿತ್ತು. ಕನ್ನಡದಲ್ಲಿ ಕೊರತೆಯಿಲ್ಲವೆಂದು ಮೊಮ್ಮಗಳಿಗೆ ತೋರಿಸಲು ಗ್ರೀಕು ಕಲಿತ ಮುದುಕ, ಅವಳಿಗೆ ಕನ್ನಡ ಕಲಿಸುತ್ತಿದ್ದವರನ್ನು ಒಂದು ಮಾತಿನಲ್ಲಿ ಮನೆಗೆ ಕಳುಹಿಸಿದ್ದೆ.

ಮೊನ್ನೆ ಈ ಭಾಷಣಕ್ಕಾಗಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ಮೊಮ್ಮಗಳು ಪಕ್ಕದಲ್ಲಿ ಬಂದು ಕುಳಿತಳು. ಲೂಕನ ಆ ವಾಕ್ಯವನ್ನು ಅಜ್ಜಿಯ ಬೈಬಲ್ಲಿನಲ್ಲಿ ಬೆರಳಿಟ್ಟು ಓದಲು ಪ್ರಯತ್ನಿಸಿದಳು. ‘ದೊಡ್ಡವನು’ ಎಂಬಲ್ಲಿ ಡಕಾರದ ಒತ್ತು ಬರಲಿಲ್ಲ. “ಇದನ್ನು ಸರ್ ಹೇಳಿಕೊಟ್ಟಿರಲಿಲ್ಲ, ಅಷ್ಟರಲ್ಲಿ ನಿಂತುಹೋಯಿತು” ಎಂದಳು.

ಅವರ ಮನೆ ರಾವೇತಿನಲ್ಲಿದೆಯಂತೆ. ಕಾರ್ಯದರ್ಶಿಗಳಿಂದ ವಿಳಾಸ ಪಡೆದಿದ್ದೇನೆ. ತರಗತಿ ನಡೆಯುತ್ತಿದ್ದ ಕೋಣೆಯ ಬೀಗದ ಕೈ ಎರಡು ವರ್ಷದಿಂದ ನನ್ನ ಬಳಿಯೇ ಇದೆ. ಬರುವ ಭಾನುವಾರ ಬೆಳಿಗ್ಗೆ ಅದನ್ನು ತೆಗೆದುಕೊಂಡು ಹೋಗುತ್ತೇನೆ. ಪ್ರಶ್ನ್ಯೋತ್ತರಕ್ಕೆ ಅಧ್ಯಕ್ಷರು ಹತ್ತು ನಿಮಿಷ ಕೊಟ್ಟಿದ್ದಾರೆ. ಮೊದಲ ಪ್ರಶ್ನೆ ಹಿಂದಿನ ಸಾಲಿನಿಂದ ಬರಲಿ.